ಸ್ವಿಚ್ಚಿನ ದಿಡ್ಡಿ ಬಾಗಿಲಿಗೆ ಬೀಗ: ನೆಟ್‌ವರ್ಕ್ ಸಾಧನಗಳ ಸುರಕ್ಷಿತ ನಿರ್ವಹಣೆ ಮತ್ತು ನಿಗಾ, ಹಂತ ಹಂತವಾಗಿ

ಬಳಕೆಯಲ್ಲಿಲ್ಲದ ಹಳೆಯ ಸ್ವಿಚ್ ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡು ಲ್ಯಾಪ್‌ಟಾಪಿನಿಂದ ಟೆಲ್‌ನೆಟ್ ಮೂಲಕ ಅದರೊಳಗೆ ಲಾಗಿನ್ ಆಗಿ ನೋಡಿ. ಪಕ್ಕದಲ್ಲಿ, ತಂತಿಯಲ್ಲಿ ಹೋಗುವುದನ್ನೆಲ್ಲ ಹಿಡಿದು ತೋರಿಸುವ ವೈರ್‌ಶಾರ್ಕ್ ಓಡುತ್ತಿರಲಿ. ಆಮೇಲೆ ಯಾವುದಾದರೂ ಒಂದು ಟೆಲ್‌ನೆಟ್ ಪ್ಯಾಕೆಟ್ ಹಿಡಿದು ‘ಫಾಲೋ ಟಿಸಿಪಿ ಸ್ಟ್ರೀಮ್’ ಆರಿಸಿದರೆ ನೀವು ಒತ್ತಿದ ಅಕ್ಷರಗಳೆಲ್ಲ ಸಾಲಾಗಿ ಬಿದ್ದಿರುತ್ತವೆ. ಬಳಕೆದಾರರ ಹೆಸರಿನ ಅಕ್ಷರಗಳು ಎರಡೆರಡು ಸಲ ಕಾಣುತ್ತವೆ: ನೀವು ಕಳಿಸಿದ್ದು ಒಂದು, ಪರದೆಯಲ್ಲಿ ಮೂಡಿಸಲು ಸ್ವಿಚ್ ಮರಳಿ ಕಳಿಸಿದ್ದು ಇನ್ನೊಂದು. ಪಾಸ್‌ವರ್ಡಿನ ಅಕ್ಷರಗಳು ಮಾತ್ರ ಒಂದೊಂದೇ ಸಲ, ಯಾಕೆಂದರೆ ಸ್ವಿಚ್ ಅದನ್ನು ಪರದೆಗೆ ಕಳಿಸುವುದಿಲ್ಲ. ಪರದೆಯಲ್ಲಿ ಮರೆಯಾದದ್ದು ತಂತಿಯಲ್ಲಿ ಬಟಾಬಯಲು.

ಟೆಲ್‌ನೆಟ್‌ನ ನಿಯಮಾವಳಿ ಹೊರಬಂದದ್ದು 1983ರಲ್ಲಿ. ಆಗಿನ ಜಾಲದಲ್ಲಿ ಒಬ್ಬರನ್ನೊಬ್ಬರು ಬಲ್ಲವರೇ ಹೆಚ್ಚಿದ್ದರು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದಿಯುವ ತಂತ್ರಾಂಶ ಇಟ್ಟದ್ದು ಬಯಲಾದ ಮೇಲೆ, ಅಲ್ಲಿನ ಸಂಶೋಧಕ ಟಾಟು ಯೊಲೊನೆನ್, ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಇಷ್ಟು ಕಾಲ ಕಳೆದರೂ ಎಷ್ಟೋ ರ‍್ಯಾಕುಗಳಲ್ಲಿ ಟೆಲ್‌ನೆಟ್ ತೆರೆದೇ ಇದೆ, ಸಾಧನದ ಸ್ಥಿತಿ ವಿಚಾರಿಸುವ ಎಸ್‌ಎನ್‌ಎಂಪಿಗೆ ‘ಪಬ್ಲಿಕ್’ ಎಂಬ ಗುಟ್ಟಿನ ಪದ ಇನ್ನೂ ಕೆಲಸ ಮಾಡುತ್ತಿದೆ. ಅಮೆರಿಕ ಮತ್ತು ಬ್ರಿಟನ್ನಿನ ಭದ್ರತಾ ಸಂಸ್ಥೆಗಳು 2023ರ ಏಪ್ರಿಲ್‌ನಲ್ಲಿ ಜಂಟಿಯಾಗಿ ಹೊರಡಿಸಿದ ಎಚ್ಚರಿಕೆ ಇಂಥ ಪದಗಳ ಬಗ್ಗೆಯೇ. ರಷ್ಯಾದ ಸೇನಾ ಗೂಢಚಾರ ವಿಭಾಗಕ್ಕೆ ಸೇರಿದ ಗುಂಪೊಂದು 2021ರಲ್ಲಿ ಸಿಸ್ಕೋ ರೌಟರುಗಳ ಒಳಗೆ ಹೋದದ್ದು ಎಸ್‌ಎನ್‌ಎಂಪಿಯ ದಾರಿಯಿಂದ. ಊಹಿಸಲು ಸುಲಭವಾದ ಪದಗಳು, 2017ರಲ್ಲೇ ಗೊತ್ತಾಗಿ ತೇಪೆ ಸಿಕ್ಕಿದ್ದ ದೋಷ, ಇಷ್ಟೇ ಅವರಿಗೆ ಸಾಕಾಯಿತು.

ಕೋಟೆಗೆ ಹೆಬ್ಬಾಗಿಲಿನ ಜೊತೆಗೊಂದು ದಿಡ್ಡಿ ಬಾಗಿಲೂ ಇರುತ್ತದಲ್ಲ, ಸ್ವಿಚ್ಚಿನ ನಿರ್ವಹಣೆಯ ದಾರಿ ಅಂಥದ್ದು. ಜನರ ದತ್ತಾಂಶ ಹೆಬ್ಬಾಗಿಲಿನಲ್ಲಿ ಓಡಾಡುತ್ತದೆ, ಆ ದತ್ತಾಂಶ ಎತ್ತ ಹೋಗಬೇಕೆಂದು ತೀರ್ಮಾನಿಸುವವರು ದಿಡ್ಡಿಯಿಂದ ಒಳಬರುತ್ತಾರೆ. ಹೆಬ್ಬಾಗಿಲಿಗೆ ಫೈರ್‌ವಾಲ್ ತರಲು ಎಲ್ಲ ಕಚೇರಿಗಳೂ ದುಡ್ಡು ಕೊಡುತ್ತವೆ. ದಿಡ್ಡಿಗೆ ಬೀಗ ಹಾಕಲು ಒಬ್ಬರ ಒಂದು ಸಂಜೆ ಸಾಕು.

ಕಾಲೇಜಿನಲ್ಲೋ ಸಹಕಾರ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಇದ್ದಕ್ಕಿದ್ದಂತೆ ‘ನೆಟ್‌ವರ್ಕ್ ನೀವೇ ನೋಡಿಕೊಳ್ಳಿ’ ಎಂದು ಹೇಳಿಸಿಕೊಂಡವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್ ತೆಗೆದುಕೊಂಡಿದ್ದೇನೆ. ಬೇರೆ ಕಂಪನಿಯ ಸ್ವಿಚ್ಚಿನಲ್ಲಿ ಆಜ್ಞೆಗಳು ಬೇರೆಯಾದರೂ ಕೆಲಸದ ಕ್ರಮ ಇದೇ. ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ, ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಕಾಗುಣಿತದ ಅನುಮಾನ ಬಂದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಆ ಜಾಗದಲ್ಲಿ ಬರಬಹುದಾದ ಪದಗಳನ್ನು ಸ್ವಿಚ್ಚೇ ತೋರಿಸುತ್ತದೆ.

ಎಲ್ಲ ಹಂತಗಳಿಗೂ ಅನ್ವಯಿಸುವ ಮಾತೊಂದಿದೆ. ಹೊಸ ದಾರಿ ತೆರೆಯಿರಿ, ಅದರಲ್ಲಿ ನಡೆದು ನೋಡಿ, ಆಮೇಲೆ ಹಳೆಯದನ್ನು ಮುಚ್ಚಿ. ಈ ಮೂರರ ಕ್ರಮ ತಪ್ಪಿದರೆ ಹೊರಗೆ ಉಳಿಯುವವರು ಕಳ್ಳರಲ್ಲ, ನೀವೇ.

ಹಂತ 1: ಕೈ ಹಾಕುವ ಮುನ್ನ

ಕಚೇರಿಯ ಕೆಲಸ ಮುಗಿದ ಹೊತ್ತು ಆರಿಸಿಕೊಳ್ಳಿ. ಕನ್ಸೋಲ್ ಕೇಬಲ್ ಹಾಕಿ ಪುಟ್ಟಿ ತಂತ್ರಾಂಶದಲ್ಲಿ ಕಿಟಕಿಯೊಂದನ್ನು ತೆರೆದಿಡಿ, ಎಲ್ಲ ಮುಗಿಯುವವರೆಗೆ ಅದನ್ನು ಮುಚ್ಚಬೇಡಿ. ನೆಟ್‌ವರ್ಕಿನ ದಾರಿ ಕೈಕೊಟ್ಟರೂ ಕನ್ಸೋಲ್ ಇರುತ್ತದೆ.

ಮೊದಲು ಸ್ವಿಚ್ಚಿನ ಈಗಿನ ಸ್ಥಿತಿಯನ್ನು ಉಳಿಸಿಕೊಳ್ಳಿ:

ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್

‘ಶೋ ರನ್ನಿಂಗ್-ಕಾನ್ಫಿಗ್’ ಕೊಟ್ಟಾಗ ಬರುವ ಸಾಲುಗಳನ್ನೆಲ್ಲ ಒಂದು ಕಡತಕ್ಕೆ ನಕಲು ಮಾಡಿಟ್ಟುಕೊಳ್ಳಿ. ‘ಶೋ ವರ್ಷನ್’ ಕೊಟ್ಟು ತಂತ್ರಾಂಶದ ಕಡತದ ಹೆಸರನ್ನೂ ನೋಡಿ. ಹಳೆಯ ಐಒಎಸ್ ಆಗಿದ್ದರೆ ಆ ಹೆಸರಿನಲ್ಲಿ ‘ಕೆ9’ ಇರಬೇಕು. ಇಲ್ಲದಿದ್ದರೆ ಅದರಲ್ಲಿ ಗೂಢಲಿಪಿಯ ಸೌಲಭ್ಯವೇ ಇಲ್ಲ, ಎಸ್‌ಎಸ್‌ಎಚ್ ನಡೆಯುವುದಿಲ್ಲ. ಆಗ ತಂತ್ರಾಂಶ ಬದಲಿಸುವುದೇ ಮೊದಲ ಕೆಲಸ.

ಸ್ವಿಚ್ ಎದುರಿಗಿಲ್ಲ, ಬೇರೆ ಕಟ್ಟಡದಲ್ಲೋ ಬೇರೆ ಊರಿನ ಶಾಖೆಯಲ್ಲೋ ಇದೆ ಎಂದಾದರೆ, ಯಾವ ಬದಲಾವಣೆಗೂ ಮೊದಲೇ ಈ ಆಜ್ಞೆ ಕೊಡಿ:

ರೀಲೋಡ್ ಇನ್ 20

ಇಪ್ಪತ್ತು ನಿಮಿಷದಲ್ಲಿ ಸ್ವಿಚ್ ತಾನಾಗಿಯೇ ಮರುಚಾಲೂ ಆಗಿ, ಉಳಿಸಿಟ್ಟ ಹಳೆಯ ಸ್ಥಿತಿಗೆ ಮರಳುತ್ತದೆ. ನಡುವೆ ನಿಮ್ಮ ಸಂಪರ್ಕ ಕಡಿದುಹೋದರೆ ಕಾಯುವುದಷ್ಟೇ ಕೆಲಸ. ಎಲ್ಲ ಸರಿಯಾದರೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು, ಆಮೇಲೆ ಉಳಿಸಿ. ಕೆಲಸ ಇಪ್ಪತ್ತು ನಿಮಿಷ ಮೀರುವಂತಿದ್ದರೆ ಗಡುವಿಗೆ ಮೊದಲೇ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು, ‘ರೀಲೋಡ್ ಇನ್’ ಮತ್ತೆ ಕೊಡಿ. ಹೀಗೆ ಬದಲಾವಣೆ ಶುರುವಾದ ಮೇಲೆ ಈ ಆಜ್ಞೆ ಕೊಟ್ಟರೆ ‘ಬದಲಾದದ್ದನ್ನು ಉಳಿಸಲೇ’ ಎಂದು ಸ್ವಿಚ್ ಕೇಳುತ್ತದೆ. ಅಲ್ಲಿ ‘ನೋ’ ಅನ್ನಬೇಕು. ‘ಯೆಸ್’ ಅಂದರೆ ಅರೆಬರೆ ಬದಲಾವಣೆಯೇ ಉಳಿದು, ಮರುಚಾಲೂ ಆಗಿಯೂ ಪ್ರಯೋಜನವಿಲ್ಲ.

ಹಂತ 2: ನಿರ್ವಹಣೆಗೆ ಬೇರೆ ವಿಲ್ಯಾನ್

ಗುಮಾಸ್ತರ ಗಣಕ, ಮುದ್ರಕ, ಸಿಸಿಟಿವಿ ಕ್ಯಾಮೆರಾ ಇರುವ ಜಾಲದಲ್ಲೇ ಸ್ವಿಚ್ಚಿನ ಐಪಿ ವಿಳಾಸವೂ ಇರಬಾರದು. ನಿರ್ವಹಣೆಗೆಂದೇ ಒಂದು ವಿಲ್ಯಾನ್, ಅಂದರೆ ಅದೇ ಸ್ವಿಚ್ಚಿನೊಳಗೆ ಪ್ರತ್ಯೇಕವಾಗಿ ನಡೆಯುವ ಜಾಲ, ಮಾಡಿ. ಇಲ್ಲಿ 99 ಎಂದಿಟ್ಟುಕೊಳ್ಳೋಣ, ವಿಳಾಸಗಳು 10.10.99.0ರ ಸಾಲಿನವು.

ಕಾನ್ಫಿಗರ್ ಟರ್ಮಿನಲ್
ವಿಲ್ಯಾನ್ 99
ಎಕ್ಸಿಟ್
ಇಂಟರ್‌ಫೇಸ್ ವಿಲ್ಯಾನ್ 99
ಐಪಿ ಅಡ್ರೆಸ್ 10.10.99.11 255.255.255.0
ನೋ ಶಟ್‌ಡೌನ್
ಎಕ್ಸಿಟ್
ಐಪಿ ಡೀಫಾಲ್ಟ್-ಗೇಟ್‌ವೇ 10.10.99.1

ಈ ವಿಲ್ಯಾನಿಗೆ ಸೇರಿದ ಒಂದು ಪೋರ್ಟಾದರೂ ಜೀವಂತ ಇರಬೇಕು, ಇಲ್ಲವೇ ಟ್ರಂಕ್ ಪೋರ್ಟಿನಲ್ಲಿ 99 ಹಾದುಹೋಗಬೇಕು. ಇಲ್ಲದಿದ್ದರೆ ವಿಳಾಸ ಕೊಟ್ಟರೂ ಇಂಟರ್‌ಫೇಸ್ ಎದ್ದೇಳುವುದಿಲ್ಲ. ನಿಮ್ಮ ಲ್ಯಾಪ್‌ಟಾಪನ್ನು ಈ ವಿಲ್ಯಾನಿಗೆ ಸೇರಿಸಿ, ಪಿಂಗ್ ಮಾಡಿ ಉತ್ತರ ಬಂದ ಮೇಲೆ ಮುಂದಕ್ಕೆ ಹೋಗಿ.

ಹಂತ 3: ಒಬ್ಬೊಬ್ಬರಿಗೆ ಒಂದೊಂದು ಹೆಸರು

‘ಅಡ್ಮಿನ್’ ಎಂಬ ಒಂದೇ ಹೆಸರನ್ನು ನಾಲ್ಕು ಜನ ಹಂಚಿಕೊಂಡರೆ, ನಾಳೆ ಯಾರು ಏನು ಬದಲಿಸಿದರೆಂದು ಕೇಳಿದಾಗ ಸ್ವಿಚ್ಚಿನಲ್ಲಿ ಉತ್ತರವಿರುವುದಿಲ್ಲ. ಒಬ್ಬೊಬ್ಬರಿಗೂ ಅವರದೇ ಹೆಸರಿರಲಿ:

ಯೂಸರ್‌ನೇಮ್ ಸುಮಾ ಪ್ರಿವಿಲೇಜ್ 15 ಅಲ್ಗಾರಿದಮ್-ಟೈಪ್ ಸ್ಕ್ರಿಪ್ಟ್ ಸೀಕ್ರೆಟ್ (ಇಲ್ಲಿ ಪಾಸ್‌ವರ್ಡ್)

ಈ ‘ಸ್ಕ್ರಿಪ್ಟ್’ ಪದದ ನಡುವೆ ‘ಐ’ ಅಲ್ಲ, ‘ವೈ’ ಬರಬೇಕು. ಎಸ್, ಸಿ, ಆರ್, ವೈ, ಪಿ, ಟಿ. ಪಾಸ್‌ವರ್ಡನ್ನು ಮರಳಿ ತೆಗೆಯಲಾಗದಂತೆ ಅರೆದು ಇಡುವ ವಿಧಾನದ ಹೆಸರು ಅದು. ಉಳಿಸಿದ ಮೇಲೆ ಕಾನ್ಫಿಗಿನಲ್ಲಿ ‘ಸೀಕ್ರೆಟ್ 9’ ಎಂದು ಶುರುವಾಗುವ ಉದ್ದನೆಯ ಸಾಲು ಕಾಣಬೇಕು.

‘ಪಾಸ್‌ವರ್ಡ್ 7’ ಎಂದು ಕಾಣುವ ಹಳೆಯ ಸಾಲುಗಳಿದ್ದರೆ ಅವನ್ನು ನಂಬಬೇಡಿ. ನೋಡಲು ಗೂಢವಾಗಿದ್ದರೂ ಅದು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದಾದ ಒಗಟು. ಕಾನ್ಫಿಗಿನ ನಕಲನ್ನು ಇಮೇಲಿನಲ್ಲಿ ಕಳಿಸಿದರೆ ಪಾಸ್‌ವರ್ಡನ್ನೇ ಕಳಿಸಿದಂತೆ. ‘ಎನೇಬಲ್ ಪಾಸ್‌ವರ್ಡ್’ ಸಾಲನ್ನೂ ತೆಗೆದು ‘ಎನೇಬಲ್ ಸೀಕ್ರೆಟ್’ ಹಾಕಿ.

ಹಂತ 4: ಎಸ್‌ಎಸ್‌ಎಚ್

ಎಸ್‌ಎಸ್‌ಎಚ್‌ಗೆ ಕೀಲಿಜೋಡಿ ಬೇಕು. ಆ ಕೀಲಿಗೆ ಸ್ವಿಚ್ಚಿನ ಹೆಸರು ಮತ್ತು ಡೊಮೇನ್ ಹೆಸರು ಸೇರಿ ಹೆಸರಾಗುತ್ತದೆ. ಅದಕ್ಕೆ ಮೊದಲು ಅವೆರಡನ್ನು ಕೊಡಬೇಕು:

ಹೋಸ್ಟ್‌ನೇಮ್ ಮಹಡಿ1
ಐಪಿ ಡೊಮೇನ್-ನೇಮ್ ಕಚೇರಿ.ಲೋಕಲ್
ಕ್ರಿಪ್ಟೋ ಕೀ ಜನರೇಟ್ ಆರ್‌ಎಸ್‌ಎ ಮಾಡ್ಯುಲಸ್ 2048
ಐಪಿ ಎಸ್‌ಎಸ್‌ಎಚ್ ವರ್ಷನ್ 2

ಹೊಸ ಆವೃತ್ತಿಗಳಲ್ಲಿ ‘ಡೊಮೇನ್’ ಮತ್ತು ‘ನೇಮ್’ ನಡುವೆ ಅಡ್ಡಗೆರೆಯ ಬದಲು ಖಾಲಿ ಜಾಗ ಬರುತ್ತದೆ. ಕೀಲಿಯ ಅಳತೆ 2048 ಬಿಟ್‌ಗಿಂತ ಕಡಿಮೆ ಇರಕೂಡದು. ಅಳತೆ ಹೇಳದೆ ಬಿಟ್ಟರೆ ಹಳೆಯ ಸ್ವಿಚ್ಚುಗಳು 512 ಸಾಕೇ ಎಂದು ಕೇಳುತ್ತವೆ, ಅಲ್ಲಿ ಸುಮ್ಮನೆ ಎಂಟರ್ ಒತ್ತಿದರೆ ದುರ್ಬಲ ಕೀಲಿ ಸಿಗುತ್ತದೆ.

ಇನ್ನು ಒಳಬರುವ ಸಾಲುಗಳು. ಮೊದಲಿಗೆ ಟೆಲ್‌ನೆಟ್ಟನ್ನು ಮುಚ್ಚಬೇಡಿ, ಎರಡಕ್ಕೂ ಅವಕಾಶ ಇರಲಿ:

ಲೈನ್ ವಿಟಿವೈ 0 15
ಲಾಗಿನ್ ಲೋಕಲ್
ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್ ಟೆಲ್‌ನೆಟ್
ಎಕ್ಸೆಕ್-ಟೈಮೌಟ್ 10 0

ವಿಟಿವೈ ಸಾಲುಗಳು 0ಯಿಂದ 15ರವರೆಗೆ ಹದಿನಾರು. ಬಹಳ ಜನ 0ಯಿಂದ 4ರವರೆಗಿನ ಐದಕ್ಕೆ ಬೀಗ ಹಾಕಿ ಉಳಿದ ಹನ್ನೊಂದನ್ನು ಮರೆಯುತ್ತಾರೆ. ಸಂಪರ್ಕ ಎಷ್ಟನೇ ಸಾಲಿಗೆ ಬೀಳುತ್ತದೆಂದು ಆರಿಸುವವರು ನಾವಲ್ಲವಾದ್ದರಿಂದ ಹದಿನಾರಕ್ಕೂ ಒಂದೇ ನಿಯಮವಿರಬೇಕು.

ಈಗ ಲ್ಯಾಪ್‌ಟಾಪಿನಲ್ಲಿ ಎರಡನೇ ಕಿಟಕಿ ತೆರೆದು ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ. ಮೊದಲ ಸಲ ‘ಈ ಸಾಧನದ ಬೆರಳಚ್ಚು ಹೀಗಿದೆ, ನಂಬಬಹುದೇ’ ಎಂಬ ಪ್ರಶ್ನೆ ಬರುತ್ತದೆ. ಸ್ವಿಚ್ಚಿಗೆ ನೇರವಾಗಿ ತಂತಿ ಹಾಕಿಕೊಂಡಿರುವಾಗಲೇ ಇದಕ್ಕೆ ‘ಯೆಸ್’ ಹೇಳುವುದು ಒಳ್ಳೆಯದು, ನಡುವೆ ಇನ್ನೊಬ್ಬರು ನಿಂತಿಲ್ಲವೆಂಬ ಖಾತ್ರಿ ಇರುತ್ತದೆ. ಮುಂದೆಂದಾದರೂ ‘ಬೆರಳಚ್ಚು ಬದಲಾಗಿದೆ’ ಎಂಬ ಎಚ್ಚರಿಕೆ ಬಂದರೆ, ಕೀಲಿಯನ್ನು ಯಾರು ಬದಲಿಸಿದರೆಂದು ತಿಳಿಯುವವರೆಗೆ ಪಾಸ್‌ವರ್ಡ್ ಕೊಡಬೇಡಿ.

ಹಳೆಯ ಸ್ವಿಚ್, ಹೊಸ ಲ್ಯಾಪ್‌ಟಾಪ್ ಆದರೆ ಇಲ್ಲಿ ತಡೆ ಬೀಳಬಹುದು. ‘ಹೊಂದುವ ವಿಧಾನ ಸಿಗಲಿಲ್ಲ’ ಎಂಬರ್ಥದ ಸಂದೇಶ ಬಂದು ಸಂಪರ್ಕ ಮುರಿಯುತ್ತದೆ. ಹಳೆಯ ಗೂಢಲಿಪಿ ವಿಧಾನಗಳನ್ನು ಓಪನ್‌ಎಸ್‌ಎಸ್‌ಎಚ್ ಒಂದೊಂದಾಗಿ ಕೈಬಿಡುತ್ತ ಬಂದಿದೆ. ಎಸ್‌ಎಚ್‌ಎ-1 ಬಳಸುವ ಆರ್‌ಎಸ್‌ಎ ಸಹಿಯನ್ನು 2021ರಲ್ಲಿ ಬಂದ 8.8ನೇ ಆವೃತ್ತಿ ತಾನಾಗಿ ಒಪ್ಪುವುದನ್ನು ನಿಲ್ಲಿಸಿತು. ಸ್ವಿಚ್ಚಿನ ಐಒಎಸ್ಸನ್ನು ಹೊಸದು ಮಾಡುವುದೇ ಇದಕ್ಕೆ ಸರಿಯಾದ ಪರಿಹಾರ. ಅಲ್ಲಿಯವರೆಗೆ ಆ ಒಂದು ಸ್ವಿಚ್ಚಿನ ವಿಳಾಸಕ್ಕಷ್ಟೇ ಹಳೆಯ ವಿಧಾನವನ್ನು ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಡತದಲ್ಲಿ ಒಪ್ಪಿಕೊಳ್ಳಬಹುದು. ಎಲ್ಲ ವಿಳಾಸಗಳಿಗೂ ಒಪ್ಪಬೇಡಿ. ‘ಎಸ್‌ಎಸ್‌ಎಚ್ ಬರುತ್ತಿಲ್ಲ, ಟೆಲ್‌ನೆಟ್ಟೇ ಇರಲಿ’ ಎಂದು ಹಿಂದಕ್ಕೆ ಹೋಗುವವರು ಹೋಗುವುದು ಇದೇ ಜಾಗದಿಂದ. ದಯವಿಟ್ಟು ಹೋಗಬೇಡಿ.

ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ, ಹೊರಗೆ ಬಂದು, ಮತ್ತೊಮ್ಮೆ ಹೋಗಿ ಖಾತ್ರಿ ಮಾಡಿಕೊಂಡ ಮೇಲೆ ಟೆಲ್‌ನೆಟ್ ಮುಚ್ಚಿ:

ಲೈನ್ ವಿಟಿವೈ 0 15
ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್

ಕನ್ಸೋಲಿಗೂ ‘ಲಾಗಿನ್ ಲೋಕಲ್’ ಮತ್ತು ಐದು ನಿಮಿಷದ ಗಡುವು ಕೊಡಿ. ರ‍್ಯಾಕಿನ ಬಾಗಿಲಿಗೆ ಬೀಗವಿಲ್ಲದ ಕಚೇರಿಗಳೇ ಹೆಚ್ಚು.

ಹಂತ 5: ಯಾವ ವಿಳಾಸದಿಂದ ಬರಬಹುದು

ಪಾಸ್‌ವರ್ಡ್ ಕೇಳುವ ಮೊದಲೇ, ಎಲ್ಲಿಂದ ಬಂದವರೆಂದು ಸ್ವಿಚ್ ನೋಡಬೇಕು. ಎರಡು ಪಟ್ಟಿ ಮಾಡೋಣ. 10ನೆಯದು ನಿರ್ವಹಣೆಯ ವಿಲ್ಯಾನಿಗೆ, 20ನೆಯದು ಮುಂದೆ ಲಾಗ್ ಕೂಡಿಹಾಕಿ ಸ್ವಿಚ್ಚಿನ ಸ್ಥಿತಿ ವಿಚಾರಿಸಲಿರುವ ನಿಗಾ ಸರ್ವರಿಗೆ (10.10.99.50) ಮಾತ್ರ. ಇದು ಬಳಕೆಗೆ ಬರುವುದು ಎಂಟನೇ ಹಂತದಲ್ಲಿ:

ಆಕ್ಸೆಸ್-ಲಿಸ್ಟ್ 10 ಪರ್ಮಿಟ್ 10.10.99.0 0.0.0.255
ಆಕ್ಸೆಸ್-ಲಿಸ್ಟ್ 10 ಡಿನೈ ಎನಿ ಲಾಗ್
ಆಕ್ಸೆಸ್-ಲಿಸ್ಟ್ 20 ಪರ್ಮಿಟ್ ಹೋಸ್ಟ್ 10.10.99.50
ಆಕ್ಸೆಸ್-ಲಿಸ್ಟ್ 20 ಡಿನೈ ಎನಿ ಲಾಗ್
ಲೈನ್ ವಿಟಿವೈ 0 15
ಆಕ್ಸೆಸ್-ಕ್ಲಾಸ್ 10 ಇನ್

0.0.0.255 ಕಂಡು ಹೊಸಬರು ತಬ್ಬಿಬ್ಬಾಗುತ್ತಾರೆ. ಇದು ಸಬ್‌ನೆಟ್ ಮಾಸ್ಕಿನ ತಿರುಗುಮುರುಗು: ಸೊನ್ನೆ ಇರುವ ಜಾಗ ತಾಳೆಯಾಗಲೇಬೇಕು, 255 ಇರುವ ಜಾಗದಲ್ಲಿ ಏನು ಬಂದರೂ ಸರಿ. ‘ಲಾಗ್’ ಪದವನ್ನು ಬಿಡಬೇಡಿ. ಒಳಗೆ ಬರಲು ನೋಡಿ ತಡೆಯಲ್ಪಟ್ಟವರ ವಿಳಾಸ ಬರೆದಿಟ್ಟುಕೊಳ್ಳಲು ಅದೇ ಬೇಕು.

‘ಆಕ್ಸೆಸ್-ಕ್ಲಾಸ್’ ಸಾಲನ್ನು ಒತ್ತುವ ಮೊದಲು ನೀವೀಗ ಕೂತಿರುವ ಗಣಕದ ವಿಳಾಸ 10ನೇ ಪಟ್ಟಿಯಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿ. ಮನೆಯಿಂದ ವಿಪಿಎನ್ ಮೂಲಕ ಬರುವವರ ವಿಳಾಸ ಬೇರೆ ಸಾಲಿನದಾಗಿರುತ್ತದೆ, ಅದನ್ನೂ ಸೇರಿಸಬೇಕು.

ಪಾಸ್‌ವರ್ಡ್ ಊಹಿಸುತ್ತ ಕೂರುವವರಿಗೆ ಇನ್ನೊಂದು ತಡೆ:

ಲಾಗಿನ್ ಬ್ಲಾಕ್-ಫಾರ್ 120 ಅಟೆಂಪ್ಟ್ಸ್ 3 ವಿದಿನ್ 60
ಲಾಗಿನ್ ಆನ್-ಫೇಲ್ಯೂರ್ ಲಾಗ್
ಲಾಗಿನ್ ಆನ್-ಸಕ್ಸೆಸ್ ಲಾಗ್

ಅರವತ್ತು ಸೆಕೆಂಡಿನಲ್ಲಿ ಮೂರು ಸಲ ತಪ್ಪಿದರೆ ಎರಡು ನಿಮಿಷ ಎಲ್ಲರಿಗೂ ಬಾಗಿಲು ಬಂದ್. ಎಲ್ಲರಿಗೂ ಎಂದರೆ ನಿಮಗೂ ಕೂಡ. ಅದಕ್ಕೇ ‘ಲಾಗಿನ್ ಕ್ವಾಯಟ್-ಮೋಡ್ ಆಕ್ಸೆಸ್-ಕ್ಲಾಸ್ 10’ ಕೂಡ ಸೇರಿಸಿ, ಆಗ ನಿರ್ವಹಣಾ ವಿಲ್ಯಾನಿನವರಿಗೆ ವಿನಾಯಿತಿ ಸಿಗುತ್ತದೆ.

ಹಂತ 6: ಮೊದಲು ಗಡಿಯಾರ, ಆಮೇಲೆ ಲಾಗ್

ಲಾಗನ್ನು ಮೊದಲು ಹಾಕಿ ಗಡಿಯಾರವನ್ನು ಮರೆತರೆ ಆ ಲಾಗ್ ಯಾವ ವಿಚಾರಣೆಗೂ ಉಪಯೋಗವಿಲ್ಲ. ಸಮಯ ತಿಳಿಯದ ಸ್ವಿಚ್ಚುಗಳಲ್ಲಿ ಹಲವು 1993ರ ಮಾರ್ಚ್ 1ರಿಂದ ಎಣಿಸತೊಡಗುತ್ತವೆ. ಫೈರ್‌ವಾಲಿನ ಲಾಗ್ ಒಂದು ಹೊತ್ತು ಹೇಳಿ, ಸ್ವಿಚ್ ಇನ್ನೊಂದು ಹೇಳಿದರೆ ಘಟನೆಗಳನ್ನು ಪೋಣಿಸುವುದು ಹೇಗೆ?

ಭಾರತದಲ್ಲಿ ಇದು ಕಾನೂನಿನ ಮಾತೂ ಹೌದು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಎನ್‌ಐಸಿ ಇಲ್ಲವೇ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ, ಹೊತ್ತು ಹೇಳುವ ಎನ್‌ಟಿಪಿ ಸರ್ವರುಗಳಿಗೆ, ಅಥವಾ ಅವುಗಳಿಗೆ ತಾಳೆಯಾಗುವ ಸರ್ವರುಗಳಿಗೆ ಹೊಂದಿಸಬೇಕು. ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು. ನಿರ್ದೇಶನದಲ್ಲಿ ಹೇಳಿದ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ನೆಟ್ಟಗಿನ ಗಡಿಯಾರವೂ ಲಾಗೂ ಇಲ್ಲದವರು ಆರು ಗಂಟೆಯಲ್ಲಿ ಏನೆಂದು ವರದಿ ಕೊಟ್ಟಾರು?

ಎಲ್ಲ ಸ್ವಿಚ್ಚುಗಳನ್ನೂ ಇಂಟರ್ನೆಟ್ಟಿಗೆ ಬಿಡುವುದು ಬೇಡ. ನಿಗಾ ಸರ್ವರಿನಲ್ಲಿ ಕ್ರೋನಿ ತಂತ್ರಾಂಶ ಹಾಕಿ, ಅದು ಎನ್‌ಐಸಿಯ ‘ಸಮಯ್1’ ಮತ್ತು ‘ಸಮಯ್2’ ಸರ್ವರುಗಳಿಂದ ಹೊತ್ತು ಪಡೆಯಲಿ, ಸ್ವಿಚ್ಚುಗಳು ಅದರಿಂದ ಪಡೆಯಲಿ. ಕ್ರೋನಿ ತಾನಾಗಿ ಬೇರೆಯವರಿಗೆ ಹೊತ್ತು ಹೇಳುವುದಿಲ್ಲ. ಅದರ ಕಡತದಲ್ಲಿ 10.10.99.0ರ ಸಾಲಿಗೆ ಅನುಮತಿ ಬರೆಯಬೇಕು, ಸರ್ವರಿನ ಫೈರ್‌ವಾಲಿನಲ್ಲಿ ಯುಡಿಪಿ 123 ತೆರೆಯಬೇಕು. ಸ್ವಿಚ್ಚಿನಲ್ಲಿ:

ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30
ಎನ್‌ಟಿಪಿ ಸರ್ವರ್ 10.10.99.50
ಸರ್ವಿಸ್ ಟೈಮ್‌ಸ್ಟ್ಯಾಂಪ್ಸ್ ಲಾಗ್ ಡೇಟ್‌ಟೈಮ್ ಎಂಸೆಕ್ ಲೋಕಲ್‌ಟೈಮ್ ಶೋ-ಟೈಮ್‌ಝೋನ್

ಹೊತ್ತು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ತಕ್ಷಣ ಆಗಲಿಲ್ಲವೆಂದು ಆಜ್ಞೆಯನ್ನು ಅಳಿಸಿ ಮತ್ತೆ ಹಾಕಬೇಡಿ. ‘ಶೋ ಎನ್‌ಟಿಪಿ ಅಸೋಸಿಯೇಷನ್ಸ್’ ಕೊಟ್ಟಾಗ ಸರ್ವರಿನ ವಿಳಾಸದ ಎಡಕ್ಕೆ ನಕ್ಷತ್ರ ಚಿಹ್ನೆ ಕಂಡರೆ ಹೊಂದಿಕೊಂಡಿತೆಂದು ಅರ್ಥ.

ಹಂತ 7: ಸಿಸ್‌ಲಾಗ್

ಸ್ವಿಚ್ ತನ್ನ ಲಾಗನ್ನು ಸ್ವಂತ ಸ್ಮೃತಿಯಲ್ಲಷ್ಟೇ ಇಟ್ಟುಕೊಂಡರೆ ಕರೆಂಟ್ ಹೋದಾಗ ಅದೂ ಹೋಗುತ್ತದೆ. ಒಳಗೆ ಬಂದವರು ಅಳಿಸಿಹಾಕಲೂಬಹುದು. ಹಾಗಾಗಿ ಹೊರಗಿನ ಸರ್ವರಿಗೆ ಕಳಿಸಬೇಕು:

ಲಾಗಿಂಗ್ ಬಫರ್ಡ್ 64000
ಲಾಗಿಂಗ್ ಹೋಸ್ಟ್ 10.10.99.50
ಲಾಗಿಂಗ್ ಟ್ರ್ಯಾಪ್ ಇನ್ಫರ್ಮೇಶನಲ್
ಲಾಗಿಂಗ್ ಸೋರ್ಸ್-ಇಂಟರ್‌ಫೇಸ್ ವಿಲ್ಯಾನ್ 99

ತೀವ್ರತೆಯ ಮಟ್ಟಗಳು 0ಯಿಂದ 7ರವರೆಗೆ. ಸೊನ್ನೆ ಎಂದರೆ ಸಾಧನ ಕೆಲಸಕ್ಕೇ ಬಾರದ ಸ್ಥಿತಿ, 7 ಎಂದರೆ ದೋಷ ಹುಡುಕುವಾಗಿನ ಚಿಲ್ಲರೆ ವಿವರ. ‘ಇನ್ಫರ್ಮೇಶನಲ್’ 6ನೇ ಮಟ್ಟ, ಅಂದರೆ 0ಯಿಂದ 6ರವರೆಗಿನವೆಲ್ಲ ಹೋಗುತ್ತವೆ. ಸರ್ವರಿನಲ್ಲಿ ಆರ್‌ಸಿಸ್‌ಲಾಗ್ ಯುಡಿಪಿ 514ನೇ ಪೋರ್ಟಿನಲ್ಲಿ ಕಿವಿಗೊಟ್ಟಿರಬೇಕು. ಈ ಸಾದಾ ಸಿಸ್‌ಲಾಗ್ ಗೂಢಲಿಪಿಯಲ್ಲಿ ಹೋಗುವುದಿಲ್ಲ ಎಂಬುದು ನೆನಪಿರಲಿ. ಅದಕ್ಕೇ ಅದು ನಿರ್ವಹಣಾ ವಿಲ್ಯಾನಿನೊಳಗೇ ಓಡಾಡಬೇಕು.

ಬಳಕೆಯಲ್ಲಿಲ್ಲದ ಪೋರ್ಟೊಂದಕ್ಕೆ ತಂತಿ ಹಾಕಿ ತೆಗೆಯಿರಿ. ಸರ್ವರಿನಲ್ಲಿ ‘ಲಿಂಕ್-3-ಅಪ್‌ಡೌನ್’ ಎಂಬ ಸಾಲು ಬರಬೇಕು, ನಡುವಿನ 3 ತೀವ್ರತೆಯ ಮಟ್ಟ. ಕಾನ್ಫಿಗರ್ ಮೋಡಿನಿಂದ ಹೊರಬಂದರೆ ‘ಸಿಸ್-5-ಕಾನ್ಫಿಗ್_ಐ’ ಸಾಲು ಬರುತ್ತದೆ. ಅದರಲ್ಲಿ ಯಾರ ಹೆಸರು, ಯಾವ ವಿಟಿವೈ, ಯಾವ ವಿಳಾಸ ಎಲ್ಲವೂ ಇರುತ್ತದೆ. ರಾತ್ರಿ ಎರಡು ಗಂಟೆಗೆ ಆ ಸಾಲು ಬಂದರೆ ಬೆಳಗ್ಗೆ ಸುಮಾ ಅವರನ್ನು ಕೇಳಬಹುದು. ಮೂರನೇ ಹಂತದಲ್ಲಿ ಬೇರೆ ಬೇರೆ ಹೆಸರು ಕೊಟ್ಟದ್ದು ಇದಕ್ಕಾಗಿ.

ಹಂತ 8: ಎಸ್‌ಎನ್‌ಎಂಪಿ, ಮೂರನೇ ಆವೃತ್ತಿ

ಲಾಗ್ ಎನ್ನುವುದು ಏನಾದರೂ ಆದಾಗ ಸ್ವಿಚ್ ತಾನಾಗಿ ಹೇಳುವ ಮಾತು. ‘ಈಗ ಹೇಗಿದ್ದೀಯ’ ಎಂದು ನಾವೇ ಆಗಾಗ ಕೇಳಲು ಎಸ್‌ಎನ್‌ಎಂಪಿ ಬೇಕು. ಪೋರ್ಟಿನಲ್ಲಿ ಎಷ್ಟು ದತ್ತಾಂಶ ಹರಿಯಿತು, ಪ್ರೊಸೆಸರ್ ಮೇಲೆ ಎಷ್ಟು ಹೊರೆ, ಸ್ವಿಚ್ಚಿನ ಒಳಗೆ ಎಷ್ಟು ಬಿಸಿ, ಇವೆಲ್ಲ ಇದರಿಂದ ಸಿಗುತ್ತವೆ.

ಮೊದಲ ಎರಡು ಆವೃತ್ತಿಗಳಲ್ಲಿ ರಕ್ಷಣೆ ಎಂದರೆ ‘ಕಮ್ಯುನಿಟಿ’ ಎಂಬ ಒಂದೇ ಪದ, ಅದೂ ಬಿಚ್ಚು ಅಕ್ಷರಗಳಲ್ಲಿ ತಂತಿಯ ಮೇಲೆ ಹೋಗುತ್ತದೆ. ಓದಲು ‘ಪಬ್ಲಿಕ್’, ಬರೆಯಲು ‘ಪ್ರೈವೇಟ್’ ಎಂದು ಕಾರ್ಖಾನೆಯಿಂದಲೇ ಬಂದ ಸಾಧನಗಳು ಬಹಳ. 2002ರಲ್ಲಿ ಪೂರ್ಣ ಮಾನದಂಡವಾದ ಮೂರನೇ ಆವೃತ್ತಿಯಲ್ಲಿ ಮೂರು ಮಟ್ಟಗಳಿವೆ. ಹೆಸರು ಮಾತ್ರ ಕೇಳುವುದು ಒಂದು. ಹೆಸರಿನ ಜೊತೆ ಗುರುತನ್ನು ಪರೀಕ್ಷಿಸುವುದು ಇನ್ನೊಂದು. ಗುರುತು ಪರೀಕ್ಷಿಸಿ, ಮಾತನ್ನೂ ಗೂಢಲಿಪಿಗೆ ಇಳಿಸುವುದು ಮೂರನೆಯದು. ಆಜ್ಞೆಯಲ್ಲಿ ‘ಪ್ರಿವ್’ ಎಂದು ಬರುವ ಈ ಮೂರನೆಯದನ್ನೇ ಬಳಸಿ. ಮೂರನೇ ಆವೃತ್ತಿ ಹಾಕಿಯೂ ಮೊದಲ ಮಟ್ಟದಲ್ಲಿ ನಿಂತರೆ ‘ಪಬ್ಲಿಕ್’ಗಿಂತ ಏನೂ ಮೇಲಲ್ಲ.

ಕೆಲಸ ಮೂರು ಭಾಗದ್ದು. ಏನನ್ನು ನೋಡಬಹುದೆಂಬ ನೋಟ, ಆ ನೋಟಕ್ಕೆ ಹಕ್ಕುಳ್ಳ ಗುಂಪು, ಗುಂಪಿನೊಳಗಿನ ಬಳಕೆದಾರ:

ಎಸ್‌ಎನ್‌ಎಂಪಿ-ಸರ್ವರ್ ವ್ಯೂ ನೋಟ 1.3.6.1.2.1 ಇನ್‌ಕ್ಲೂಡೆಡ್
ಎಸ್‌ಎನ್‌ಎಂಪಿ-ಸರ್ವರ್ ವ್ಯೂ ನೋಟ 1.3.6.1.4.1.9 ಇನ್‌ಕ್ಲೂಡೆಡ್
ಎಸ್‌ಎನ್‌ಎಂಪಿ-ಸರ್ವರ್ ಗ್ರೂಪ್ ಗುಂಪು ವಿ3 ಪ್ರಿವ್ ರೀಡ್ ನೋಟ ಆಕ್ಸೆಸ್ 20
ಎಸ್‌ಎನ್‌ಎಂಪಿ-ಸರ್ವರ್ ಯೂಸರ್ ನಿಗಾ ಗುಂಪು ವಿ3 ಆಥ್ ಎಸ್‌ಎಚ್‌ಎ (ಮೊದಲ ಪಾಸ್‌ವರ್ಡ್) ಪ್ರಿವ್ ಎಇಎಸ್ 128 (ಎರಡನೇ ಪಾಸ್‌ವರ್ಡ್)

‘ನೋಟ’, ‘ಗುಂಪು’, ‘ನಿಗಾ’ ನಾವಿಟ್ಟ ಹೆಸರುಗಳು. ಇವುಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಅಂಕಿಗಳ ಮೊದಲ ಸಾಲು ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಮಾಹಿತಿಯ ಕೊಂಬೆ, ಎರಡನೆಯದರ ಕೊನೆಯ 9 ಸಿಸ್ಕೋಗೆ ಕೊಟ್ಟ ಸಂಖ್ಯೆ. ಎರಡು ಪಾಸ್‌ವರ್ಡುಗಳೂ ಬೇರೆ ಬೇರೆಯಾಗಿರಲಿ, ಎಂಟು ಅಕ್ಷರಕ್ಕಿಂತ ಕಡಿಮೆ ಇರಕೂಡದು, ಹದಿನಾರಾದರೆ ಒಳ್ಳೆಯದು. ಬರೆಯುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ ಎಂಬುದನ್ನು ಗಮನಿಸಿ. ನಿಗಾ ತಂತ್ರಾಂಶಕ್ಕೆ ಓದಿದರೆ ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ‘ಶೋ ರನ್ನಿಂಗ್-ಕಾನ್ಫಿಗ್’ ಕೊಟ್ಟು ನೋಡಿದರೆ ನೋಟ, ಗುಂಪು ಎರಡೂ ಕಾಣುತ್ತವೆ, ಬಳಕೆದಾರನ ಸಾಲು ಕಾಣುವುದಿಲ್ಲ. ಆಜ್ಞೆ ನಾಟಿಲ್ಲವೆಂದು ಮತ್ತೆ ಮತ್ತೆ ಒತ್ತುವವರುಂಟು. ಅದು ಬೇರೆ ಕಡೆ ಗುಪ್ತವಾಗಿ ಉಳಿದಿರುತ್ತದೆ, ‘ಶೋ ಎಸ್‌ಎನ್‌ಎಂಪಿ ಯೂಸರ್’ ಕೊಟ್ಟರೆ ಕಾಣುತ್ತದೆ. ಇದರ ಇನ್ನೊಂದು ಮುಖ ಮುಖ್ಯವಾದದ್ದು: ಸ್ವಿಚ್ ಕೆಟ್ಟು ಹೊಸದಕ್ಕೆ ಹಳೆಯ ಕಾನ್ಫಿಗ್ ಹಾಕಿದಾಗ ಬಳಕೆದಾರ ಅದರಲ್ಲಿ ಬರುವುದಿಲ್ಲ. ಅಲ್ಲದೆ ಕೀಲಿಗಳು ಆಯಾ ಸಾಧನದ ‘ಎಂಜಿನ್ ಐಡಿ’ಗೆ ಅಂಟಿಕೊಂಡಿರುತ್ತವೆ, ಅದು ಬದಲಾದರೆ ಹಳೆಯ ಬಳಕೆದಾರ ನಿರುಪಯೋಗಿ. ಈ ಒಂದು ಸಾಲನ್ನು, ಪಾಸ್‌ವರ್ಡುಗಳ ಸಮೇತ, ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಬರೆದಿಟ್ಟುಕೊಳ್ಳಿ.

ಪರೀಕ್ಷೆ ನಿಗಾ ಸರ್ವರಿನಿಂದ. ನೆಟ್-ಎಸ್‌ಎನ್‌ಎಂಪಿಯ ‘ಎಸ್‌ಎನ್‌ಎಂಪಿವಾಕ್’ ಬಳಸಿ 1.3.6.1.2.1.1 ಕೇಳಿ. ಅದರಲ್ಲಿ ಸಣ್ಣ ‘ಎ’ ಮುಂದೆ ಗುರುತಿನ ವಿಧಾನ, ದೊಡ್ಡ ‘ಎ’ ಮುಂದೆ ಅದರ ಪಾಸ್‌ವರ್ಡ್, ಸಣ್ಣ ‘ಎಕ್ಸ್’ ಮುಂದೆ ಗೂಢಲಿಪಿಯ ವಿಧಾನ, ದೊಡ್ಡ ‘ಎಕ್ಸ್’ ಮುಂದೆ ಅದರ ಪಾಸ್‌ವರ್ಡ್. ಸ್ವಿಚ್ಚಿನ ಹೆಸರು, ಎಷ್ಟು ಕಾಲದಿಂದ ಓಡುತ್ತಿದೆ ಎಲ್ಲವೂ ಬಂದರೆ ಗೆದ್ದಂತೆ. ಉತ್ತರವೇ ಬರದಿದ್ದರೆ 20ನೇ ಪಟ್ಟಿ ನೋಡಿ, ‘ಗುರುತು ತಾಳೆಯಾಗಲಿಲ್ಲ’ ಎಂಬ ದೂರು ಬಂದರೆ ಪಾಸ್‌ವರ್ಡ್ ನೋಡಿ.

ಆಮೇಲೆ ಲಿಬ್ರೆಎನ್‌ಎಂಎಸ್ ಅಥವಾ ಜ್ಯಾಬಿಕ್ಸ್‌ನಲ್ಲಿ ಇದೇ ವಿವರಗಳನ್ನು ಕೊಟ್ಟು ಸ್ವಿಚ್ ಸೇರಿಸಿ. ಎರಡೂ ಮುಕ್ತ ತಂತ್ರಾಂಶಗಳು. ಪೋರ್ಟಿನ ಹರಿವನ್ನು ನೀವೇ ಅಳತೆಗೆ ಹಾಕುವುದಾದರೆ 64 ಬಿಟ್ಟಿನ ಎಣಿಕೆಯನ್ನೇ ಆರಿಸಿ. 32 ಬಿಟ್ಟಿನ ಎಣಿಕೆ ಗಿಗಾಬಿಟ್ ಪೋರ್ಟ್ ತುಂಬಿ ಹರಿಯುವಾಗ ಸುಮಾರು 34 ಸೆಕೆಂಡಿಗೆ ಸುತ್ತು ಮುಗಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಕೇಳುವ ತಂತ್ರಾಂಶಕ್ಕೆ ನಡುವೆ ಎಷ್ಟು ಸುತ್ತು ಆಯಿತೆಂದು ತಿಳಿಯುವ ದಾರಿಯಿಲ್ಲ. ನಕ್ಷೆ ಸುಂದರವಾಗಿಯೇ ಮೂಡುತ್ತದೆ, ಅಂಕಿಗಳು ಮಾತ್ರ ಸುಳ್ಳಾಗಿರುತ್ತವೆ.

ಹಂತ 9: ಹಳೆಯ ಬಾಗಿಲುಗಳು

ಹೊಸ ದಾರಿಗಳೆಲ್ಲ ನಡೆಯುತ್ತಿವೆ ಎಂದ ಮೇಲೆ:

ನೋ ಎಸ್‌ಎನ್‌ಎಂಪಿ-ಸರ್ವರ್ ಕಮ್ಯುನಿಟಿ ಪಬ್ಲಿಕ್
ನೋ ಎಸ್‌ಎನ್‌ಎಂಪಿ-ಸರ್ವರ್ ಕಮ್ಯುನಿಟಿ ಪ್ರೈವೇಟ್
ನೋ ಐಪಿ ಎಚ್‌ಟಿಟಿಪಿ ಸರ್ವರ್
ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್
ನೋ ವಿಸ್ಟ್ಯಾಕ್

ಬೇರೆ ಹೆಸರಿನ ಕಮ್ಯುನಿಟಿಗಳಿದ್ದರೆ ಅವನ್ನೂ ತೆಗೆಯಿರಿ. ವೆಬ್ ಪುಟದಿಂದ ಸ್ವಿಚ್ ನೋಡಿಕೊಳ್ಳುವವರಿಗೆ ಮೂರನೆಯ ಮತ್ತು ನಾಲ್ಕನೆಯ ಸಾಲು ಕಷ್ಟವಾಗಬಹುದು. ಆದರೂ ನನ್ನ ಸಲಹೆ ಗಟ್ಟಿಯಾದದ್ದು: ಮುಚ್ಚಿ. 2023ರ ಅಕ್ಟೋಬರ್‌ನಲ್ಲಿ ಐಒಎಸ್-ಎಕ್ಸ್‌ಇಯ ಇದೇ ವೆಬ್ ಪುಟದ ದೋಷದಿಂದ, ಪಾಸ್‌ವರ್ಡೇ ಇಲ್ಲದೆ ಪೂರ್ಣ ಅಧಿಕಾರದ ಖಾತೆ ಸೃಷ್ಟಿಸಿಕೊಂಡು ಜನ ಒಳಗೆ ಹೋದರು. ‘ವಿಸ್ಟ್ಯಾಕ್’ ಎಂದರೆ ಸ್ಮಾರ್ಟ್ ಇನ್‌ಸ್ಟಾಲ್, ಹೊಸ ಸ್ವಿಚ್ಚುಗಳಿಗೆ ತಾನಾಗಿ ಕಾನ್ಫಿಗ್ ತುಂಬುವ ಹಳೆಯ ಸೌಲಭ್ಯ. ಅದು ಟಿಸಿಪಿ 4786ರಲ್ಲಿ ಗುರುತನ್ನೇ ಕೇಳದೆ ಕಾಯುತ್ತಿರುತ್ತದೆ. ಅದರಲ್ಲಿ 2018ರಲ್ಲಿ ಬಯಲಾದ ದೋಷವನ್ನು ಇನ್ನೂ ಬಳಸಲಾಗುತ್ತಿದೆ ಎಂದು 2025ರ ಆಗಸ್ಟ್‌ನಲ್ಲಿ ಎಫ್‌ಬಿಐ ಎಚ್ಚರಿಸಿತು. ಈ ಆಜ್ಞೆಯನ್ನು ಒಪ್ಪದ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಆ ಸೌಲಭ್ಯವೇ ಇರುವುದಿಲ್ಲ. ಆದರೆ ಕೆಲವು ಹಳೆಯ ಐಒಎಸ್ ಆವೃತ್ತಿಗಳಲ್ಲಿ ಸೌಲಭ್ಯವಿದ್ದೂ ಈ ಆಜ್ಞೆ ಇಲ್ಲ, ಅಲ್ಲಿ ಟಿಸಿಪಿ 4786ನ್ನು ಆಕ್ಸೆಸ್-ಲಿಸ್ಟಿನಿಂದ ತಡೆಯಬೇಕು.

ಹಂತ 10: ಹೊರಗಿನಿಂದ ತಟ್ಟಿ ನೋಡಿ, ಉಳಿಸಿ

ಸಾಮಾನ್ಯ ಸಿಬ್ಬಂದಿಯ ಗಣಕವೊಂದರ ಮುಂದೆ ಕೂತು ಸ್ವಿಚ್ಚಿನ ವಿಳಾಸಕ್ಕೆ ಟೆಲ್‌ನೆಟ್, ಎಸ್‌ಎಸ್‌ಎಚ್, ಬ್ರೌಸರ್ ಮೂರರಿಂದಲೂ ಹೋಗಲು ನೋಡಿ. ಮೂರೂ ಸೋಲಬೇಕು. ‘ಪಬ್ಲಿಕ್’ ಪದ ಕೊಟ್ಟು ಎಸ್‌ಎನ್‌ಎಂಪಿವಾಕ್ ಮಾಡಿ, ಉತ್ತರ ಬರಬಾರದು. ಎಸ್‌ಎಸ್‌ಎಚ್ ಯತ್ನ ತಡೆಯಲ್ಪಟ್ಟದ್ದು ನಿಗಾ ಸರ್ವರಿನ ಲಾಗಿನಲ್ಲಿ ಆ ಗಣಕದ ವಿಳಾಸ, ಸರಿಯಾದ ಹೊತ್ತಿನ ಸಮೇತ ಕಾಣಬೇಕು. ವಿಳಾಸ ಬಂದು ಹೊತ್ತು ತಪ್ಪಿದ್ದರೆ ಆರನೇ ಹಂತಕ್ಕೆ ಹಿಂತಿರುಗಿ. ಏನೂ ಬಾರದಿದ್ದರೆ ಐದನೇ ಹಂತದ ‘ಲಾಗ್’ ಪದ ಬಿಟ್ಟುಹೋಗಿರುತ್ತದೆ, ಇಲ್ಲವೇ ಸರ್ವರಿನ ಫೈರ್‌ವಾಲ್ 514ನ್ನು ತಡೆದಿರುತ್ತದೆ, ಇಲ್ಲವೇ ಗಣಕದ ಜಾಲದಿಂದ ಸ್ವಿಚ್ಚಿಗೆ ದಾರಿಯೇ ಇರುವುದಿಲ್ಲ.

ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’, ಆಮೇಲೆ ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’. ಕೊನೆಯದಾಗಿ ಕನ್ಸೋಲ್ ಕಿಟಕಿಯಿಂದ ಲಾಗೌಟ್ ಆಗಿ ಕೇಬಲ್ ತೆಗೆಯಿರಿ.

ಮೊದಲ ವಾರ ದಿನಕ್ಕೊಮ್ಮೆ ಲಾಗ್ ಓದಿ. ತಡೆಯಲ್ಪಟ್ಟವರಲ್ಲಿ ಹೆಚ್ಚಿನವರು ಕಳ್ಳರಾಗಿರುವುದಿಲ್ಲ. ಯಾರೋ ಹಿಂದೆ ಹಾಕಿ ಮರೆತ ಮುದ್ರಕ ನಿರ್ವಹಣೆಯ ತಂತ್ರಾಂಶ ಇನ್ನೂ ‘ಪಬ್ಲಿಕ್’ ಎನ್ನುತ್ತ ಎಲ್ಲ ವಿಳಾಸಗಳನ್ನೂ ತಡಕುತ್ತಿರಬಹುದು. ಅದನ್ನು ಹುಡುಕಿ ನಿಲ್ಲಿಸಿ, ಆಗ ನಿಜವಾದ ಅಪರಿಚಿತ ವಿಳಾಸ ಬಂದರೆ ಎದ್ದು ಕಾಣುತ್ತದೆ. ಸಿಬ್ಬಂದಿಯಲ್ಲಿ ಒಬ್ಬರು ಕೆಲಸ ಬಿಟ್ಟರೆ ಅದೇ ದಿನ ಪ್ರತಿ ಸ್ವಿಚ್ಚಿನಲ್ಲೂ ‘ನೋ ಯೂಸರ್‌ನೇಮ್’ ಮುಂದೆ ಅವರ ಹೆಸರು ಹಾಕಿ ತೆಗೆಯಿರಿ. ‘ನಿಗಾ’ ಬಳಕೆದಾರನ ಎರಡು ಪಾಸ್‌ವರ್ಡುಗಳನ್ನು ಅವರು ಬಲ್ಲವರಾಗಿದ್ದರೆ ಅವನ್ನೂ ಬದಲಿಸಿ, ಮೊದಲು ಸ್ವಿಚ್ಚಿನಲ್ಲಿ, ಕೂಡಲೇ ನಿಗಾ ತಂತ್ರಾಂಶದಲ್ಲಿ.